ಒಂದನೇ ನಂಬರಿನ ಅತ್ತೆ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಬಂಗಾರಪೇಟೆಯ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಕ್ಯಾಸಂಬಳ್ಳಿ ಕಡೆಯ ರೈತರ ಮನೆಯ ಹುಡುಗಿ ನಾನು; ಕೆಜಿಎಫ್‌ನಲ್ಲಿ ಕಂಪ್ಯೂಟರ್ ಕಲಿತಿದ್ದೆ. ಆ ಬೀದಿಗೆಲ್ಲ ಮೊದಲ ಕಂಪ್ಯೂಟರ್ ನಮ್ಮ ಅಂಗಡಿಯದೇ. ಮಾಲೀಕರು ಅದಕ್ಕೊಂದು ಗಾಜಿನ ಕೋಣೆ ಕಟ್ಟಿಸಿ, ಚಪ್ಪಲಿ ಹೊರಗೆ ಬಿಡಿ ಎಂದು ಬೋರ್ಡು ಹಾಕಿಸಿದ್ದರು. ಪೈಪು ಕೊಳ್ಳಲು ಬಂದ ರೈತರಲ್ಲಿ ಕೆಲವರು ಕೋಣೆಯ ಮುಂದೆ ನಿಂತು ಕೈಮುಗಿದು ಹೋಗುವುದೂ ಇತ್ತು.

ಗಿರಾಕಿಗಳನ್ನು ಅವರವರ ಬಿಲ್ಲಿಗೆ ಜೋಡಿಸುವುದು ನನ್ನ ಕೆಲಸ. ಹೆಸರು ನಂಬುವ ಹಾಗಿರಲಿಲ್ಲ. ಒಂದೇ ಹೆಸರಿನವರು ಊರಿಗೆ ಹತ್ತು ಜನ. ಒಬ್ಬನೇ ಮನುಷ್ಯ ಕನ್ನಡದಲ್ಲಿ ಒಂದು ಹೆಸರು ಹೇಳಿದರೆ ತೆಲುಗಿನಲ್ಲಿ ಇನ್ನೊಂದು. ಹಾಗಾಗಿ ಪ್ರತಿ ಗಿರಾಕಿಗೂ ಒಂದು ನಂಬರು ಕೊಟ್ಟೆ. ಮಾಲೀಕರು ಬಿಲ್ ಬರೆಯುವಾಗ ಮೂಲೆಯಲ್ಲಿ ಆ ನಂಬರು ಹಾಕಬೇಕು, ನಾನು ಅದನ್ನಷ್ಟೇ ನೋಡಿ ಕಂಪ್ಯೂಟರಿಗೆ ಏರಿಸಬೇಕು. ಆಮೇಲೆ ಯಾರ ನಂಬರು ಒತ್ತಿದರೂ ಅವರು ಕೊಂಡಿದ್ದೆಲ್ಲ ಸಾಲಾಗಿ ಬಂದು ನಿಲ್ಲುತ್ತಿತ್ತು.

ಕಂಪ್ಯೂಟರಿಗೆ ಪೂಜೆ ಮಾಡಿದ ದಿನ, ಮೊದಲ ಹೆಸರು ಯಾರದು ಎಂಬ ಪ್ರಶ್ನೆ ಬಂತು. ದೇವರ ಹೆಸರು ಹಾಕೋಣ ಎಂದರು ಮಾಲೀಕರು. "ನಮ್ಮಮ್ಮ ಮೊನ್ನೆ ಬಕೆಟ್ ತಗೊಂಡ್ರಲ್ಲ, ಅವರದ್ದೇ ಹಾಕಮ್ಮ," ಎಂದರು ಅವರ ಹೆಂಡತಿ. ದೇವರು ಹಿಂದೆ ಸರಿದ. ಕಾಮಸಮುದ್ರದ ಹತ್ತಿರದ ಹಳ್ಳಿಯಲ್ಲಿದ್ದ ಮಾಲೀಕರ ಅತ್ತೆ ಒಂದನೇ ನಂಬರಿನ ಗಿರಾಕಿಯಾದರು.

ವರ್ಷ ಕಳೆಯಿತು. ದೀಪಾವಳಿಗೆ ಅತಿ ಹೆಚ್ಚು ವ್ಯಾಪಾರ ಕೊಟ್ಟ ಗಿರಾಕಿಗೆ ಗೋಡೆ ಗಡಿಯಾರ ಕೊಡಬೇಕೆಂದು ಮಾಲೀಕರಿಗೆ ಹುಮ್ಮಸ್ಸು ಬಂತು. ಕಂಪ್ಯೂಟರನ್ನು ಕೇಳಿದೆ. ಅದು ಅತ್ತೆಯ ಹೆಸರು ಹೇಳಿತು. ಮೋಟರು, ಪೈಪು, ವಾಲ್ವು, ಸ್ಟಾರ್ಟರು... ಪ್ರಿಂಟರು ಕರಕರ ಎನ್ನುತ್ತಾ ಉದ್ದದ ಕಾಗದ ಉಗುಳಿತು.

"ಸಾರ್, ಒಂದ್ಸಲ ಬಿಲ್ ಬುಕ್ ನೋಡೋಣ," ಎಂದೆ.

"ಕಂಪ್ಯೂಟರ್ ತಪ್ಪು ಮಾಡಲ್ಲ ಕಣಮ್ಮ," ಎಂದರು. ಬೀದಿಯವರಿಗೆಲ್ಲ ವರ್ಷವಿಡೀ ಅದನ್ನೇ ಹೇಳಿಕೊಂಡು ಬಂದಿದ್ದರು. ಜೊತೆಗೆ ಪಕ್ಕದಲ್ಲಿ ಹೆಂಡತಿ ಬೇರೆ ನಿಂತಿದ್ದರು, ಮುಖ ಅರಳಿಸಿಕೊಂಡು.

ಮಾಲೀಕರು ಗಡಿಯಾರದೊಂದಿಗೆ ಕಾಗದವನ್ನೂ ಒಯ್ದು, ಅತ್ತೆಯ ಮನೆ ಮುಂದೆ ಊರವರನ್ನು ಸೇರಿಸಿ ಅಷ್ಟನ್ನೂ ಓದಿದರಂತೆ. ಅದು ಮರ್ಯಾದೆಗೆ ಓದುವ ಮಂತ್ರವಿರಬೇಕೆಂದು ಅತ್ತೆ ತಲೆಯಾಡಿಸುತ್ತಾ ಕೂತಿದ್ದರಂತೆ. ಪಕ್ಕದ ಮನೆಗಳಲ್ಲಿದ್ದ ಮೈದುನಂದಿರು ಮಾತ್ರ ಒಂದೊಂದು ಸಾಮಾನನ್ನೂ ಗಮನವಿಟ್ಟು ಕೇಳಿಸಿಕೊಂಡರು.

ವಾರ ತುಂಬುವ ಮೊದಲೇ ಆಕೆ ಬಸ್ಸಿಳಿದು ಅಂಗಡಿಗೆ ಬಂದರು. ಕೈಚೀಲದಲ್ಲಿ ಗಡಿಯಾರ. ಗಾಜಿನ ಕೋಣೆಗೆ ಚಪ್ಪಲಿ ಹಾಕಿಕೊಂಡೇ ನುಗ್ಗಿದರು.

"ಅಳಿಯನೋರೆ, ನಾನು ತಕೊಂಡಿದ್ದು ಒಂದು ಬಕೀಟು. ಈ ಮೋಟ್ರುಗಳೆಲ್ಲ ಎಲ್ಲಿ ಅವೆ ಏಳಿ ಮತ್ತೆ?"

"ಅತ್ತೆ, ಅದು ಕಂಪ್ಯೂಟರು..."

"ಕಂಪ್ಯೂಟ್ರು ಬಂದು ನಮ್ ಮೈದುನಂದಿರ್ಗೆ ಏಳ್ತದಾ? ಯಾವ ತೋಟ ಕದ್ದುಮುಚ್ಚಿ ತಕೊಂಡೆ, ಎಲ್ಲಿ ಬೋರು ಆಕ್ಸಿದೆ ಅಂತ ಬಾಗ್ಲಲ್ಲಿ ಕುಂತವ್ರೆ!"

ನಾನು ಬಿಲ್ ಬುಕ್ಕುಗಳನ್ನು ತಂದು ಮೇಜಿನ ಮೇಲಿಟ್ಟೆ. ಹಾಳೆ ತಿರುಗಿಸಿದಂತೆಲ್ಲ ಮೂಲೆಯಲ್ಲಿ ಒಂದು, ಒಂದು, ಒಂದು. ಅಕ್ಷರ ಯಾರದೆಂದು ಕೇಳುವ ಅಗತ್ಯವೇ ಇರಲಿಲ್ಲ. ಮಾಲೀಕರು ಫ್ಯಾನಿನ ಕಡೆ ನೋಡಿದರು.

"ಸಂತೆ ದಿನ ಜನ ಮೈಮೇಲೆ ಬೀಳ್ತಾರೆ ಅತ್ತೆ. ಒಬ್ಬೊಬ್ಬರ ನಂಬರು ಹುಡುಕೋಕೆ ಟೈಮೆಲ್ಲಿ? ಕೈಗೆ ಬಂದಿದ್ದು ಹಾಕಿದೆ."

"ಕೈಗೆ ಬಂದಿದ್ದು ನಾನೇನಾ?"

ನಗು ತಡೆಯಲಾಗದೆ ನಾನು ಮೇಜಿನ ಕೆಳಗೆ ಏನೋ ಬಿದ್ದಂತೆ ಬಗ್ಗಿದೆ.

ಅಂದು ಮಧ್ಯಾಹ್ನವೆಲ್ಲ ಅದೇ ಕೆಲಸ. ಮಾಲೀಕರು ಬಿಲ್ಲಿನಲ್ಲಿದ್ದ ಹೆಸರು, ಊರು ಓದಬೇಕು. ನಾನು ಸರಿಯಾದ ನಂಬರಿಗೆ ಜೋಡಿಸಬೇಕು. ಗುರುತೇ ಸಿಗದವರಿಗೆ 'ಬಿಡಿ ಗಿರಾಕಿ' ಎಂದು ಬೇರೆಯೇ ನಂಬರು ಮಾಡಿದೆ. ಅತ್ತೆ ಕುರ್ಚಿಯಲ್ಲಿ ಕೂತು ಟೀ ಕುಡಿಯುತ್ತಾ, ಅಳಿಯ ಆಕಳಿಸಿದಾಗಲೆಲ್ಲ ತೆಲುಗಿನಲ್ಲಿ ಎಚ್ಚರಿಸುತ್ತಿದ್ದರು. ಕೊನೆಗೆ ಒಂದನೇ ನಂಬರಿನಲ್ಲಿ ಉಳಿದಿದ್ದು ಒಂದು ಬಕೆಟ್. ಆ ಒಂದೇ ಸಾಲನ್ನು ಪ್ರಿಂಟು ತೆಗೆಸಿ, ಅಂಗಡಿ ಸೀಲು ಒತ್ತಿಸಿ, ಮೈದುನಂದಿರ ಮುಖಕ್ಕೆ ಹಿಡಿಯಲೆಂದು ಮಡಿಸಿ ಇಟ್ಟುಕೊಂಡರು.

"ಗಡಿಯಾರ..." ಎಂದು ರಾಗ ಎಳೆದರು ಮಾಲೀಕರು.

"ಕೊಟ್ಟಿದ್ದನ್ನ ವಾಪಸ್ ಕೊಟ್ರೆ ಮಗಳ ಮನೆಗೆ ಒಳ್ಳೇದಲ್ಲ," ಎಂದು ಅತ್ತೆ ಚೀಲ ಹೆಗಲಿಗೇರಿಸಿ ಬಸ್‌ಸ್ಟ್ಯಾಂಡಿಗೆ ನಡೆದರು.

ಈಗ ಕಂಪ್ಯೂಟರ್ ಹೇಳಿದ ನಿಜವಾದ ದೊಡ್ಡ ಗಿರಾಕಿ ಬೂದಿಕೋಟೆಯ ಒಬ್ಬ ಯಜಮಾನರು. ಬಂದಾಗಲೆಲ್ಲ ಪೈಪು ತೆಳು, ವಾಷರು ಕಳಪೆ, ಇನ್ನು ಈ ಅಂಗಡಿ ಮೆಟ್ಟಿಲು ಹತ್ತಲ್ಲ ಎಂದು ಬೈದು ಹೋಗುವ ಮನುಷ್ಯ. ಆತ ಬರುವುದು ಕಂಡರೆ ಮಾಲೀಕರು ಗೋಡೌನಿಗೆ ನುಸುಳುತ್ತಿದ್ದರು. ಆತನಿಗೇ ಇನ್ನೊಂದು ಗಡಿಯಾರ ತಂದು, ಹಾರ ಹಾಕಿ, ಹಲ್ಲು ಕಿರಿದು ಕೊಟ್ಟರು.

ಯಜಮಾನರು ಅದನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ತಿರುಗಿಸಿ ಹಿಂಭಾಗದ ಮುಚ್ಚಳ ತೆಗೆದು ನೋಡಿದರು.

"ಸೆಲ್ ಎಲ್ಲಯ್ಯ? ಅದನ್ನೂ ನಾನೇ ತಕಬೇಕಾ?"

ಮಾಲೀಕರು ಚಪ್ಪಲಿಯನ್ನೂ ಮೆಟ್ಟಿಕೊಳ್ಳದೆ ಎದುರಿನ ಅಂಗಡಿಗೆ ಓಡಿದರು.