ಗೋಲಿನಲ್ಲಿ ಯಾರೂ ಇರಲಿಲ್ಲ

ಹುಮನಾಬಾದಿನ ಮಾರ್ಕೆಟ್ ರಸ್ತೆಯಲ್ಲಿ ಈಗ ಮರದ ಗಾಣದ ಎಣ್ಣೆ ಅಂಗಡಿಯೊಂದು ಆಗಿದೆ. ಹೋದ ತಿಂಗಳು ಅದರ ಮುಂದೆ ಹಾಯುವಾಗ ಕುಸುಬಿ ಎಣ್ಣೆಯ ವಾಸನೆ ಬಂತು. ಸ್ವಲ್ಪ ಕಹಿ, ಸ್ವಲ್ಪ ಒಣಹುಲ್ಲಿನಂಥ ಹಳೆಯ ವಾಸನೆ. ಯಾರಿಗಾದರೂ ಒಗ್ಗರಣೆ ನೆನಪಾಗಬೇಕು. ನನಗೆ ನೆನಪಾದದ್ದು ಒಂದು ಜೊತೆ ಬೂಟು... ಅಲ್ಲಿಯೇ ನಿಂತುಬಿಟ್ಟೆ. ಅಂಗಡಿಯ ಹುಡುಗಿ, "ಅಮ್ಮಾ, ಎಷ್ಟ್ ಲೀಟರ್ ಹಾಕ್ಲಿರಿ?" ಎಂದು ಕೇಳಿದಳು. ಒಂದು ಬಾಟಲಿ ತೆಗೆದುಕೊಂಡೆ.

ಬಸವಕಲ್ಯಾಣದಲ್ಲಿ ನಮ್ಮ ಮನೆಗೆ ಅಂಟಿಕೊಂಡ ಮನೆ ಅವರದು. ನಡುವೆ ಒಂದೇ ಗೋಡೆ. ಅವರನ್ನು ನಾವೆಲ್ಲ ಭಾಯಿ ಎನ್ನುತ್ತಿದ್ದೆವು, ಅವರ ಹೆಂಡತಿಯನ್ನು ಭಾಭಿ. ವಾರದ ರಜೆಯ ದಿನ ಭಾಯಿ ಹೊರಗಿನ ಕಟ್ಟೆಯ ಮೇಲೆ ಕೂತು, ಕಬ್ಬಿಣದ ಸೌಟಿನಲ್ಲಿ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿ, ಹಳೆಯ ಬನಿಯನ್ನಿನ ತುಂಡಿನಿಂದ ಫುಟ್‌ಬಾಲ್ ಬೂಟಿಗೆ ತಿಕ್ಕುತ್ತಿದ್ದರು. ಆಟ ಬಿಟ್ಟು ಎಷ್ಟು ವರ್ಷವಾದರೂ ಆ ಚರ್ಮ ಬಿರಿಯಲು ಅವರು ಬಿಡಲಿಲ್ಲ. ಎಣ್ಣೆಯ ವಾಸನೆ ಗೋಡೆ ದಾಟಿ ನಮ್ಮ ಅಡುಗೆಮನೆಗೂ ಬರುತ್ತಿತ್ತು.

ಎಣ್ಣೆ ಕೊಂಡ ಆ ದಿನ ನಾನು ಹುಮನಾಬಾದಿಗೆ ಹೋದದ್ದು ಫುಟ್‌ಬಾಲ್ ಮೈದಾನದ ಕಾರ್ಯಕ್ರಮಕ್ಕೆ. ಹಳೆಯ ಮೈದಾನಕ್ಕೆ ಹಸಿರು ಮ್ಯಾಟು ಹಾಸಿ, ಸುತ್ತಲೂ ಜಾಳಿಗೆ ಕಟ್ಟಿ, ಉದ್ಘಾಟನೆ ಇಟ್ಟುಕೊಂಡಿದ್ದರು. ರಿಟೈರ್ಡ್ ಟೀಚರ್ ಎಂದು ನನಗೂ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ. ಮೈಕ್ ಹಿಡಿದಾತ ಸೊಗಸಾಗಿಯೇ ಮಾತಾಡುತ್ತಿದ್ದ. ನಡುವೆ ಇದ್ದಕ್ಕಿದ್ದಂತೆ, "ನಮ್ಮೂರಿಗಿ ಒಬ್ರು ಅಳಿಯಾ ಇದ್ರು ನೋಡ್ರಿ, ಕಲ್ಯಾಣದ ಫುಲ್‌ಬ್ಯಾಕು! ಅಳಿಯಂದ್ರು ಮಾವನ ಮನಿಯಿಂದ ಒಯ್ತಾರ. ಇವ್ರು ಮಾವನ ಊರಿಗಿ ಗೋಲೇ ಕೊಟ್ಟು ಹೋದ್ರು!" ಎಂದ. ಆ ಅಳಿಯ ಎಂದರೆ ನಮ್ಮ ಭಾಯಿ, ಗೋಲಿನ ಮುಂದೆ ಕಾವಲು ನಿಲ್ಲುವ ಫುಲ್‌ಬ್ಯಾಕ್. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ವೇದಿಕೆಯ ಮೇಲೆ ಶಾಲು ಹೊದ್ದು, ಹಾರ ಹಾಕಿಸಿಕೊಂಡು ಕೂತಿದ್ದ ಹಿರಿಯರೊಬ್ಬರೂ ನಕ್ಕರು. ಆ ಗೋಲು ಆದ ಮ್ಯಾಚಿನಲ್ಲಿ ಕಲ್ಯಾಣ ಟೀಮಿನ ಗೋಲ್‌ಕೀಪರ್ ಅವರೇ. ಈಗ ಹುಮನಾಬಾದಿನಲ್ಲೇ ದೊಡ್ಡ ಅಡತಿ ವ್ಯಾಪಾರಿ. ಊರಿನ ಹಳೆಯ ಆಟಗಾರರೆಂದು ಆವತ್ತಿನ ಸನ್ಮಾನವೂ ಅವರಿಗೇ.

ನನ್ನ ಮೈ ಉರಿಯಿತು. ಐ ವಾಸ್ ಫ್ಯೂರಿಯಸ್, ಅದಕ್ಕೆ ಬೇರೆ ಮಾತಿಲ್ಲ. ಯಾರು ನಕ್ಕರೂ ಸಹಿಸಿಕೊಳ್ಳಬಹುದಿತ್ತು, ಆ ಮನುಷ್ಯ ನಗಬಾರದಿತ್ತು. ಯಾಕೆಂದು ಹೇಳುತ್ತೇನೆ.

ಭಾಯಿ ಆಡಿ ಬೆಳೆದದ್ದು ಕೋಟೆಯ ಕೆಳಗಿನ ಬಯಲಿನಲ್ಲಿ, ಬರಿಗಾಲಲ್ಲಿ. ಅಂಥ ಎತ್ತರದ ಆಳಲ್ಲ. ಓಟವೂ ಹೇಳಿಕೊಳ್ಳುವಂಥದ್ದಲ್ಲ. ಆದರೆ ಎದುರಿನವನು ಚೆಂಡು ತಂದರೆ ಇವರು ಮೈಮೇಲೆ ಬೀಳುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದೆ ಸರಿದು, "ಬಾ ಮಿಯಾ, ಆರಾಮ್ ಬಾ, ಯಾಕ್ ಅವಸರ ಮಾಡಾಕತ್ತಿ?" ಎಂದು ಮಾತಿಗೆಳೆಯುತ್ತಿದ್ದರು. ಅವನು ಸಿಟ್ಟಿಗೆದ್ದು ಚೆಂಡನ್ನು ಒಂಚೂರು ಮುಂದೆ ಬಿಟ್ಟನೋ, ಅದು ಭಾಯಿಯ ಕಾಲಿನಲ್ಲಿ. ಹೈದರಾಬಾದಿನ ದೊಡ್ಡ ಟೀಮೊಂದು ಅವರನ್ನು ನೋಡಿ ಕರೆದುಕೊಂಡು ಹೋಯಿತು. ಸಂಬಳ, ಇರಲು ಕೋಣೆ, ಕಾಲಿಗೆ ಬೂಟು. ಆಟವೇ ನೌಕರಿ ಎಂಬುದನ್ನು ನಮ್ಮ ಓಣಿ ಅದೇ ಮೊದಲು ಕಂಡದ್ದು. ಭಾಯಿಯ ತಾಯಿ ಓಣಿಗೆಲ್ಲ ಸಕ್ಕರೆ ಹಂಚಿದ್ದರು.

ನಾನೂ ಆಗ ಹೈದರಾಬಾದಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿದ್ದೆ. ಅಲ್ಲಿ ನಮಗೆ ಗ್ರಾಮರ್ ಕಲಿಸುತ್ತಿದ್ದ ಸಿಸ್ಟರ್ ಒಬ್ಬರು ವೇಲ್ಸ್ ದೇಶದವರು. ಅವರನ್ನು ಇಂಗ್ಲಿಷಿನವರು ಎಂದು ಕರೆದರೆ ಕೆಂಡದಂಥ ಕೋಪ. "ವೆಲ್ಷ್, ಚೈಲ್ಡ್, ವೆಲ್ಷ್!" ಎಂದು ತಿದ್ದುತ್ತಿದ್ದರು. ಅವರ ಅಣ್ಣ ಕಲ್ಲಿದ್ದಲ ಗಣಿಯಿಂದ ಎದ್ದು ಬಂದು ಹೆಸರಾದ ಟೀಮಿನಲ್ಲಿ ಫುಲ್‌ಬ್ಯಾಕ್ ಆಗಿದ್ದವರು. ಕಾಲು ಮುರಿದರೂ ಮತ್ತೆ ಬಂದು ಆಡಿದರು, ತಲೆಗೂದಲು ಉದುರುವವರೆಗೂ ಆಡಿದರು. ಕಡೆಗೆ ಆಟ ಬಿಟ್ಟ ದಿನ ಊರಿನವರೆಲ್ಲ ಸೇರಿ ಊಟ ಹಾಕಿಸಿದರಂತೆ. ಅದನ್ನು ಹೇಳುವಾಗ ಸಿಸ್ಟರ್ ಕಣ್ಣು ಒರೆಸಿಕೊಳ್ಳುತ್ತಿದ್ದರು. ನಾನು ನಮ್ಮ ಭಾಯಿಯ ವಿಷಯ ಹೇಳಿದಾಗಿನಿಂದ ಅವರಿಗೆ ನನ್ನ ಮೇಲೆ ವಿಶೇಷ ಪ್ರೀತಿ. ಕಪ್ಪು ಹಲಗೆಯ ಮೇಲೆ ಮೈದಾನ ಬರೆದು, ಯಾರು ಎಲ್ಲಿ ನಿಲ್ಲಬೇಕು, ಬ್ಯಾಕ್ ಪಾಸ್ ಎಂದರೇನು, ಎಲ್ಲವನ್ನೂ ಕಲಿಸಿಬಿಟ್ಟರು. "ಗೋಲ್ ಹೊಡೆದವನನ್ನು ಎಲ್ಲರೂ ನೋಡುತ್ತಾರೆ. ನೀನು ಡಿಫೆಂಡರನ್ನು ನೋಡು," ಎನ್ನುತ್ತಿದ್ದರು. ಹಾಗಾಗಿ ನಾನು ಮೊದಲಿನಿಂದಲೂ ಭಾಯಿಯನ್ನೇ ನೋಡುತ್ತಿದ್ದೆ. ಆ ದಿನವೂ.

ಆ ದಿನ ಎಂದರೆ ಕಲ್ಯಾಣಕ್ಕೂ ಹುಮನಾಬಾದಿಗೂ ಮ್ಯಾಚಿದ್ದ ದಿನ. ಭಾಯಿ ಹೈದರಾಬಾದಿನಿಂದ ರಜೆ ಹಾಕಿ, ಊರ ಮೇಲಿನ ಅಭಿಮಾನಕ್ಕೆ ಆಡಲು ಬಂದಿದ್ದರು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಭಾಭಿಯ ತವರು ಹುಮನಾಬಾದೇ. ನಾನೂ ಬೋರ್ಡಿಂಗಿನಿಂದ ರಜೆಗೆ ಬಂದಿದ್ದೆ. ನಮ್ಮ ಸೋದರತ್ತೆಯ ಮನೆ ಆ ಮೈದಾನದ ಪಕ್ಕದಲ್ಲಿತ್ತು. ಹೆಂಗಸರೆಲ್ಲ ಅದರ ಮಾಳಿಗೆ ಹತ್ತಿ ನೋಡುತ್ತಿದ್ದೆವು.

ಆ ಮೈದಾನದಲ್ಲಿ ಒಂದು ಪದ್ಧತಿ ಇತ್ತು. ಅಲ್ಲಿನ ಹಾಫ್‌ಟೈಮ್ ಗಡಿಯಾರದ್ದಲ್ಲ, ಅಜಾನಿನದು. ಎರಡೂ ಟೀಮಿನಲ್ಲಿ ಅರ್ಧದಷ್ಟು ಜನ ಮುಸ್ಲಿಮರು. ಮಧ್ಯಾಹ್ನ ಇಳಿದ ಮೇಲಿನ ಅಸರ್ ನಮಾಜಿನ ಹೊತ್ತಿಗೆ ಅರ್ಧ ಆಟ ಮುಗಿಯುವಂತೆ ಲೆಕ್ಕ ಹಾಕಿಯೇ ಶುರು ಮಾಡುತ್ತಿದ್ದರು. ಅಜಾನ್ ಕೇಳಿತೆಂದರೆ ಆಟ ನಿಂತಿತು. ನಮಾಜು ಮಾಡುವವರು ಬೇವಿನ ಮರದ ಕೆಳಗೆ ಸಾಲಾಗಿ ನಿಲ್ಲುವರು, ಉಳಿದವರು ಚಹಾದ ಕಡೆ ಹೋಗುವರು. ಚಹಾ, ಬೆಲ್ಲ, ಹುರಿದ ಶೇಂಗಾ. ನೋಡಲು ಬಂದವರಿಗೂ ಅದೇ. ಎಲ್ಲ ಮುಗಿದ ಮೇಲೆ ಯಾರೂ ಹೇಳದೆಯೇ ಎರಡೂ ಟೀಮು ದಿಕ್ಕು ಬದಲಿಸಿಕೊಂಡು ನಿಲ್ಲುವವು.

ಆ ವರ್ಷ ಮುಖ್ಯ ಅತಿಥಿಯೆಂದು ಯಾರೋ ದೊಡ್ಡ ಸಾಹೇಬರನ್ನು ಕರೆದಿದ್ದರು. ಸಾಹೇಬರು ಊಟ ಮಾಡಿ, ಮಲಗಿ, ಎದ್ದು, ಮುಖ ತೊಳೆದುಕೊಂಡು ಬಂದರು. ಆಟಗಾರರು ಬಿಸಿಲಿನಲ್ಲಿ ಅಟೆನ್ಶನ್ ನಿಂತು ಕಾದರು. ಹೀಗಾಗಿ ಮ್ಯಾಚು ತಡವಾಗಿ ಶುರುವಾಗಿ, ಮೊದಲ ಅರ್ಧ ನಡುವಿನಲ್ಲಿರುವಾಗಲೇ ಅಜಾನ್ ಆಯಿತು. ರೂಢಿಯಂತೆ ಆಟ ನಿಂತಿತು. ಆದರೆ ರೆಫರಿ ನಮ್ಮ ಕಡೆಯವನಲ್ಲ, ಸಾಹೇಬರ ಜೀಪಿನಲ್ಲೇ ಬಂದವನು. ಅವನಿಗೆ ಈ ಪದ್ಧತಿ ಗೊತ್ತಿಲ್ಲ, ಗೊತ್ತಿದ್ದವರನ್ನು ಕೇಳುವ ಸೌಜನ್ಯವೂ ಇಲ್ಲ. ಸಾಹೇಬರು ಬೇರೆ ಕೈಗಡಿಯಾರ ನೋಡಿಕೊಳ್ಳುತ್ತಿದ್ದರು. ನಮಾಜು ಮುಗಿದದ್ದೇ ತಡ, "ಇನ್ನೂ ಫಸ್ಟ್ ಹಾಫೇ ಬಾಕಿ ಇದೆ, ಬನ್ನಿ ಬನ್ನಿ" ಎಂದು ಅವಸರ ಮಾಡಿದ. ಜನವೂ ಕಲ್ಯಾಣದ ಉಳಿದ ಆಟಗಾರರೂ ಇನ್ನೂ ಮೈದಾನಕ್ಕೆ ಬೆನ್ನು ತಿರುಗಿಸಿ ಚಹಾದ ಸುತ್ತ ಮುತ್ತಿಕೊಂಡಿದ್ದರು. ನಮಾಜಿನಿಂದ ಎದ್ದು ಬಂದ ಭಾಯಿ ತಮ್ಮ ಜಾಗಕ್ಕೆ ಬಂದು ನಿಂತರು. ಅವರ ಮುಂದೆಯೇ ಚೆಂಡು ಬಿಟ್ಟು ರೆಫರಿ ಸೀಟಿ ಊದಿದ. ಹುಮನಾಬಾದಿನ ಹುಡುಗ ಮೇಲೆ ಬಿದ್ದ. ಭಾಯಿ ಯಾವತ್ತೂ ಮಾಡುವಂತೆ, ಹಿಂದೆ ತಿರುಗಿ ನೋಡದೆ, ಚೆಂಡನ್ನು ಮೆತ್ತಗೆ ತಮ್ಮ ಗೋಲ್‌ಕೀಪರನಿಗೆ ತಳ್ಳಿದರು.

ಗೋಲ್‌ಕೀಪರ್ ಅಲ್ಲಿರಲಿಲ್ಲ. ಅಜಾನ್ ಆಯಿತೆಂದರೆ ಹಾಫ್‌ಟೈಮ್ ಎಂಬ ಅಭ್ಯಾಸಬಲದಿಂದ ಆತ ಚಹಾ ಮುಗಿಸಿ ನೆಟ್ಟಗೆ ಆಚೆ ತುದಿಯ ಗೋಲಿಗೆ ಹೋಗಿ ನಿಂತಿದ್ದರು. ಬಾಯಿ ತುಂಬ ಶೇಂಗಾ. ಸೀಟಿ ಕೇಳಿ ಇಡೀ ಮೈದಾನ ದಾಟಿಕೊಂಡು ಓಡಿ ಬರುತ್ತಿದ್ದರು. ನಾನು ಮಾಳಿಗೆಯಿಂದ ಕಣ್ಣಾರೆ ಕಂಡೆ. ಚೆಂಡು ಏನೂ ಅವಸರವಿಲ್ಲದಂತೆ ಉರುಳುತ್ತ, ಎರಡು ಕಂಬಗಳ ನಡುವೆ ಹಾದು, ಆಚೆಯ ಜಾಲಿ ಗಿಡದ ಬುಡದಲ್ಲಿ ನಿಂತಿತು...

ಹೋ ಎಂಬ ಸದ್ದಿಗೆ ಜನ ತಿರುಗಿದರು. ಅಷ್ಟರಲ್ಲಿ ಗೋಲ್‌ಕೀಪರ್ ಓಡಿಬಂದು ಗೋಲಿನ ಹತ್ತಿರವೇ ಇದ್ದರು. ಕಲ್ಯಾಣದವರು ಸುತ್ತುವರಿದು ಕೇಳಿದಾಗ ಆ ಮನುಷ್ಯ ಏನೆಂದರು ಗೊತ್ತೇ? "ನಾ ಗೋಲ್‌ನ್ಯಾಗೇ ಇದ್ದೆ. ಅವನೇ ಮೂಲಿಗಿ ಹೊಡದ, ಕೈಗಿ ಸಿಗಲಿಲ್ಲ." ಹುಮನಾಬಾದಿನವರಿಗೆ ಗೋಲು ಸಿಕ್ಕಿತ್ತು, ಅವರು ಯಾಕೆ ಬಾಯಿ ಬಿಟ್ಟಾರು? ರೆಫರಿ ಎಲ್ಲ ಕಂಡವನು, "ಗೋಲ್ ಈಸ್ ಗೋಲ್" ಎಂದು ಕೈ ಕೊಡವಿದ. ಗುಂಪಿನಿಂದ ಯಾರೋ, "ಮಾವನ ಊರದಲ್ಲ! ಬಿರಿಯಾನಿ ಉಂಡಾನ, ಗೋಲ್ ಕೊಟ್ಟಾನ!" ಎಂದು ಕೂಗಿದರು. ಭಾಯಿ ಗೋಲ್‌ಕೀಪರನ ಮುಖವನ್ನೇ ನೋಡುತ್ತ ನಿಂತಿದ್ದರು. ತುಟಿ ಬಿಚ್ಚಲಿಲ್ಲ.

ನಾನು ಸುಮ್ಮನಿರಲಿಲ್ಲ. ಮಾಳಿಗೆಯಿಂದ ಗಂಟಲು ಹರಿಯುವಂತೆ, "ಸುಳ್ಳು! ಅವರು ಗೋಲ್‌ನ್ಯಾಗ ಇದ್ದಿದ್ದಿಲ್ಲ! ನಾ ನೋಡೀನಿ!" ಎಂದು ಕೂಗಿದೆ. ಕೆಳಗಿನವರು ತಲೆಯೆತ್ತಿ ನೋಡಿ ನಕ್ಕರು. ಅತ್ತೆ ಜಡೆ ಹಿಡಿದು ಎಳೆದರು. "ಗಂಡಸರ ಆಟದಾಗ ನಿಂದೇನ್ ಐತಿ? ನಡಿ ಒಳಗ!" ಮರಳುವಾಗ ಬಸ್ಸಿನಲ್ಲಿ ಅಪ್ಪನಿಗೂ ಹೇಳಿದೆ. "ಕಾನ್ವೆಂಟಿಗಿ ಕಳಿಸಿದ್ದು ಇಂಗ್ಲಿಷ್ ಕಲೀಲಾಕ, ಊರ ಪಂಚಾಯ್ತಿ ಮಾಡ್ಲಾಕಲ್ಲ" ಎಂದು ಕಿಟಕಿಯ ಕಡೆ ತಿರುಗಿ ಕೂತರು. ಅಷ್ಟೂ ಹೆಂಗಸರು ಕಂಡಿದ್ದೆವು. ಒಂದು ಮಾಳಿಗೆ ತುಂಬ ಸಾಕ್ಷಿ! ಸೀರೆ ಉಟ್ಟ ಸಾಕ್ಷಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಭಾಯಿಯ ರಜೆ ಮುಗಿಯುವ ಮೊದಲೇ ಮಾತು ಹೈದರಾಬಾದಿಗೆ ಮುಟ್ಟಿತ್ತು. ಮ್ಯಾಚು ಮಾರುವವನು ತಮಗೆ ಬೇಡ ಎಂದರಂತೆ ಆ ಟೀಮಿನವರು. ವಿಚಾರಣೆ ಇಲ್ಲ, ಏನಾಯಿತಪ್ಪ ಎಂಬ ಒಂದು ಮಾತೂ ಇಲ್ಲ. ಭಾಯಿ ಹಾಸಿಗೆ ಸುತ್ತಿಕೊಂಡು, ಬೂಟು ಹೆಗಲಿಗೆ ಹಾಕಿಕೊಂಡು ವಾಪಸು ಬಂದರು. ಅವರ ಕಾಲಿನಲ್ಲಿ ಇನ್ನೂ ಹತ್ತು ವರ್ಷದ ಆಟವಿತ್ತು.

ಆಮೇಲೆ ಬಸ್ಸಿನಲ್ಲಿ ಕಂಡಕ್ಟರ್ ಕೆಲಸ ಸಿಕ್ಕಿತು. ಅದೂ ಯಾವ ರೂಟು? ಕಲ್ಯಾಣ–ಹುಮನಾಬಾದ್. ದಿನವೂ ಬಸ್ಸು ಅಲ್ಲಿ ನಿಂತಕೂಡಲೇ, "ಅಳಿಯಾ ಬಂದ್ರಪೋ! ಇವತ್ತೇನ್ ಗೋಲ್ ತಂದಿರಿ?" ಎಂದು ಯಾರಾದರೊಬ್ಬರು ಕೂಗುವುದು. ನಾನೇ ಆ ಬಸ್ಸಿನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಭಾಯಿ, "ಚಿಲ್ಲರ್ ಕೊಡ್ರಿ, ಚಿಲ್ಲರ್" ಎಂದು ಮುಂದೆ ಹೋಗುತ್ತಿದ್ದರು. ಭಾಭಿಯಂತೂ ತವರಿಗೆ ಹೋಗುವುದನ್ನೇ ಬಿಟ್ಟರು. "ನಾ ಹೋದ್ರ, ಗೋಲ್ ತಗೊಂಡ ಮನಿ ಮಗಳು ಬಂದಳು ಅಂತಾರವ್ವಾ," ಎಂದಿದ್ದರು ನನ್ನ ಅಮ್ಮನ ಹತ್ತಿರ. ಗಂಡ ದಿನಾ ಹೋಗಿ ಬರುವ ಊರು, ಹೆಂಡತಿಗೆ ಮಾತ್ರ ಎಟುಕದಷ್ಟು ದೂರವಾಯಿತು.

ಒಮ್ಮೆ, ನಾನಾಗಲೇ ಟೀಚರ್ ಆಗಿದ್ದೆ, ತಡೆಯಲಾರದೆ ಕೇಳಿಬಿಟ್ಟೆ. ಭಾಯಿ ಕಟ್ಟೆಯ ಮೇಲೆ ಬೂಟಿಗೆ ಎಣ್ಣೆ ತಿಕ್ಕುತ್ತಿದ್ದರು.

"ಭಾಯಿ, ನೀವ್ಯಾಕ ಬಾಯಿ ಬಿಡಲಿಲ್ಲ?"

ಅವರು ಬೂಟಿನ ಮೂತಿಯನ್ನು ಎರಡು ಸಲ ಒರೆಸಿದರು. "ತಂಗಿ, ಅವ ಹಿಂದ ಇರ್ತಾನಂತ ನಾ ಯಾವತ್ತೂ ತಿರುಗಿ ನೋಡ್ದಾಂವಲ್ಲ. ಅವತ್ತ್ ಇದ್ದಿದ್ದಿಲ್ಲ. ಅದು ಅವನ ಬಾಯಿಲೇ ಬರಬೇಕು. ನಾ ಹೇಳಿದ್ರ ಚಾಡಿ ಆಗ್ತದ."

"ಅವರು ಹೇಳದಿದ್ದರ?"

"ಹೇಳ್ತಾನ. ಮನುಷ್ಯಾ ಇದ್ದಾನ, ಹೇಳ್ತಾನ."

ಇದೇ ನೋಡಿ, ಇದನ್ನೇ ನನ್ನಿಂದ ಸಹಿಸಲಾಗದು. ಆ ಒಂದು ಮಾತಿಗಾಗಿ ಭಾಯಿ ಜೀವಮಾನವಿಡೀ ಕಾದರು. ಕಟ್ಟೆಯ ಮೇಲೆ ಕೂತಾಗ ರಸ್ತೆಯ ತಿರುವಿನ ಕಡೆಗೇ ಮುಖ. ಗೋಲ್‌ಕೀಪರ್ ಬರಲಿಲ್ಲವೇ? ಬಂದರು, ಭಾಯಿ ತೀರಿಕೊಂಡ ದಿನ. ಕಾರಿನಲ್ಲಿ ಬಂದು, ಕರ್ಚೀಫು ತಲೆಗೆ ಕಟ್ಟಿಕೊಂಡು, ಎಲ್ಲರ ಜೊತೆ ಮೂರು ಹಿಡಿ ಮಣ್ಣು ಹಾಕಿ, ಕೈ ತೊಳೆದುಕೊಂಡು ಹೋದರು. ಅಂದೂ ಹೇಳಲಿಲ್ಲ.

ಹೋದ ತಿಂಗಳ ಆ ಕಾರ್ಯಕ್ರಮದಲ್ಲಿ ನಗು ನಿಂತ ಮೇಲೆ ನಾನು ಎದ್ದು, ಮಂಡಿನೋವನ್ನೂ ಲೆಕ್ಕಿಸದೆ ವೇದಿಕೆಯ ಮೆಟ್ಟಿಲು ಹತ್ತಿದೆ. ಸನ್ಮಾನ ಮಾಡಲು ಬಂದರೆಂದು ತಿಳಿದು ಒಬ್ಬ ನನ್ನ ಕೈಗೆ ಹೂವಿನ ಗುಚ್ಛ ತುರುಕಿದ. ಅದನ್ನು ಟೇಬಲ್ಲಿನ ಮೇಲೆ ಇಟ್ಟೆ.

"ಅಜಾನ್ ಆದ ಮ್ಯಾಲ ನೀವು ಯಾವ ಗೋಲ್‌ನ್ಯಾಗ ಇದ್ರಿ?" ಎಂದು ಕೇಳಿದೆ.

"ಯಾವತ್ತಿಂದ್ರಿ ಟೀಚರ್?" ಎಂದರು.

"ಯಾವತ್ತಿಂದು ಅನ್ನೋದು ನಿಮಗ ಗೊತ್ತದ. ನಾ ಮಾಳಿಗಿ ಮ್ಯಾಲಿದ್ದೆ."

ಅವರು ಶಾಲಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತರು. ಮೆಲ್ಲಗೆ, "ಅವ ಒಂದ್ ಮಾತು ಕೇಳಿದ್ರ ನಾ ಒಪ್ಕೊಂಡೇ ಬಿಡ್ತಿದ್ದೆರಿ. ಅವ ಕೇಳಲೇ ಇಲ್ಲ," ಎಂದರು.

ಕೇಳಲೇ ಇಲ್ಲವಂತೆ! ತಪ್ಪು ಈಗಲೂ ಭಾಯಿಯದೇ. "ಹೇಳ್ರಿ ಹಂಗಾದ್ರ. ಈಗ ನಾ ಕೇಳಾಕತ್ತೇನಿ. ಮೈಕ್ ಅಲ್ಲೇ ಅದ," ಎಂದೆ. ಅವರು ಮೈಕಿನ ಕಡೆ ನೋಡಿದರು. ಒಂದು ಕ್ಷಣ ಏಳುತ್ತಾರೆಂದೇ ನನಗೆ ಅನ್ನಿಸಿತು... ಅಷ್ಟರಲ್ಲಿ ಫೋಟೋದವನು, "ಯಜಮಾನ್ರ, ಸ್ವಲ್ಪ ಇಕಡಿ ನೋಡ್ರಿ," ಎಂದ. ಅವರು ಅತ್ತ ನೋಡಿದರು. ಹಾರ ಸರಿ ಮಾಡಿಕೊಂಡರು. "ಶೇಮ್ ಆನ್ ಯೂ," ಎಂದು ಹೇಳಿ ನಾನು ಕೆಳಗಿಳಿದೆ. ಕಾನ್ವೆಂಟಿನಲ್ಲಿ ಕಲಿತ ಆ ಮಾತನ್ನು ಶಾಲೆಯಲ್ಲಿ ಒಂದು ಮಗುವಿಗೂ ಅಂದವಳಲ್ಲ ನಾನು.

ಆದ್ದರಿಂದ ಇಲ್ಲಿ ಬರೆದಿಡುತ್ತಿದ್ದೇನೆ. ಅದು ಅಳಿಯನ ಗೋಲಲ್ಲ. ಚೆಂಡು ಸರಿಯಾದ ಜಾಗಕ್ಕೇ ಹೋಯಿತು, ಅಲ್ಲಿ ಇರಬೇಕಾದವರು ಇರಲಿಲ್ಲ. ಓದಿದವರು ಇನ್ನು ಮುಂದೆ ಆ ಜೋಕಿಗೆ ನಗದಿದ್ದರೆ ಸಾಕು.

ಭಾಭಿಯೂ ಹೋಗಿ ಬಹಳ ದಿನಗಳಾದವು. ಆ ಮನೆಯನ್ನು ಕೊಂಡವರು ಕಟ್ಟೆ ಒಡೆದು ಶಟರ್ ಹಾಕಿದ್ದಾರೆ, ಮೊಬೈಲ್ ಅಂಗಡಿಗೆಂದು. ಬೂಟು ಏನಾಯಿತೆಂದು ಕೇಳಿದೆ. ಯಾರಿಗೂ ಗೊತ್ತಿಲ್ಲ. ಮನೆ ಖಾಲಿ ಮಾಡುವಾಗ ಗುಜರಿಗೆ ಹೋಗಿರಬೇಕು.

ಕುಸುಬಿ ಎಣ್ಣೆಯ ಬಾಟಲಿ ಅಡುಗೆಮನೆಯ ಕಿಟಕಿಯಲ್ಲಿ ಇದ್ದಹಾಗೇ ಇದೆ. ಒಂದೆರಡು ಸಲ ಮುಚ್ಚಳ ತೆಗೆದು ಮೂಸಿ ನೋಡಿದೆ. ಸೊಸೆ, "ಅತ್ತೀ, ಪಲ್ಯಕ್ಕ ಹಾಕ್ಲೇನ್ರಿ?" ಎಂದು ಕೇಳುತ್ತಾಳೆ. ಇರಲಿ ಎನ್ನುತ್ತೇನೆ. ಯಾತಕ್ಕೆ ಇರಲಿ ಎಂದು ಅವಳು ಕೇಳಿಲ್ಲ, ಕೇಳಿದರೆ ನನಗೂ ತಿಳಿಯದು... ತಿಕ್ಕಲು ಈಗ ಆ ಚರ್ಮವೂ ಉಳಿದಿಲ್ಲ.