ನಂದಗಡದ ವೈನಿಯ ಎದುರು ಹನ್ನೆರಡು ನಿಮಿಷ

ಶನಿವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ ಶಿವಬಸವ ನಗರದ ಮನೆಯಿಂದ ಹೊರಟೆ. ಸಣ್ಣ ಮಳೆ. ಚೀಲದಲ್ಲಿ ಎರಡು ಚಪಾತಿ, ಶೇಂಗಾ ಚಟ್ನಿ, ದಿನಚರಿ. ಹಿಂದಿನ ರಾತ್ರಿ ಎರಡು ಗಂಟೆಯಷ್ಟೂ ನಿದ್ದೆ ಬಂದಿರಲಿಲ್ಲ. ಬಾಗಿಲಲ್ಲಿ ನಿಂತ ಅವ್ವ, "ಮಂದೀನ ನಗಸಾಕ ಹೊಂಟಾಕಿ, ಮಾರಿ ಹಿಂಗ್ಯಾಕ ಮಾಡೀದಿ?" ಎಂದಳು. ಹೊಟ್ಟೆ ಸರಿಯಿಲ್ಲ ಎಂದೆ.

ನಾನು ಬೆಳಗಾವಿಯ ಒಂದು ಸಣ್ಣ ರೇಡಿಯೊದಲ್ಲಿ ಬೆಳಗಿನ ಹಾಡಿನ ಕಾರ್ಯಕ್ರಮ ನಡೆಸುತ್ತೇನೆ. ರಜೆಯ ದಿನ ವೇದಿಕೆಯ ಮೇಲೆ ಒಬ್ಬಳೇ ನಿಂತು ಜನರನ್ನು ನಗಿಸುತ್ತೇನೆ. ಟಿಳಕವಾಡಿಯ ಕಾಲೇಜಿನಲ್ಲಿ ಪ್ರಾಚಾರ್ಯರ ನಡಿಗೆಯನ್ನು ಅನುಕರಿಸಿದ್ದು ಮೊದಲ ಪ್ರಯೋಗ. ಅಲ್ಲಿಂದ ಇಲ್ಲಿಗೆ ನಾಲ್ಕು ವರ್ಷ, ಅರವತ್ತೆಂಟು ಪ್ರಯೋಗ. ಯಾವ ಮಾತಿಗೆ ಎಲ್ಲಿ ಎಷ್ಟು ಸಲ ನಕ್ಕರೆಂದು ದಿನಚರಿಯಲ್ಲಿ ಗೆರೆ ಹಾಕಿಡುತ್ತೇನೆ. ಹೆಚ್ಚು ಗೆರೆ ಬಿದ್ದಿರುವುದು 'ನಂದಗಡದ ವೈನಿ'ಗೆ.

ವೈನಿ ಎಂದರೆ ನಮ್ಮ ಕಡೆ ಅತ್ತಿಗೆ. ಆ ವೈನಿ ನಿಜವಾಗಿ ಇದ್ದಾರೆ. ಹೆಸರು ಶಾಂತಾ. ಪ್ರತಿ ಗುರುವಾರ ಫೋನ್ ಮಾಡಿ ಗಂಡನಿಗಾಗಿ ಹಾಡು ಕೇಳುತ್ತಿದ್ದರು, ಗಂಡನ ಹೆಸರು ಮಾತ್ರ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಹಾಗಾದರೆ ಮುಂದಿನ ವಾರ ಒಡಪು ಕಟ್ಟಿಕೊಂಡು ಬನ್ನಿ ಎಂದು ನಾನೇ ಕೆಣಕಿದೆ. ಗಂಡನ ಹೆಸರನ್ನು ಪ್ರಾಸದ ಸಾಲುಗಳೊಳಗೆ ಸೇರಿಸಿ ಹೇಳುವುದು ಒಡಪು. ನಮ್ಮ ಕಡೆ ಮದುವೆಯಲ್ಲಿ ಬಾಗಿಲಿಗೆ ಅಡ್ಡ ನಿಂತು ಹೇಳಿಸುತ್ತಾರೆ, ತಡವರಿಸಿದವಳನ್ನು ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ. ಶಾಂತಾ ವೈನಿ ಒಡಪು ಕಟ್ಟಿಕೊಂಡೇ ಫೋನ್ ಮಾಡಿದರು. ಮೊದಲ ಸಾಲು ಮುಗಿಯುವಾಗ ಏಳು ಐವತ್ತೆಂಟು, ಜಾಹೀರಾತಿನ ಹೊತ್ತು. ನಾನು ಅವರ ದನಿಯ ಗುಂಡಿ ಇಳಿಸಿದೆ. ನನ್ನ ಕಿವಿಯಲ್ಲಿ ಅವರು ಇನ್ನೂ ಹೇಳುತ್ತಿದ್ದರು, ಊರಿಗೆ ಕೇಳಲಿಲ್ಲ. ಜಾಹೀರಾತಿನ ನಂತರ, "ಪಾಪ, ವೈನಿಗೆ ಮುಂದಿಂದು ನೆನಪ ಆಗಲಿಲ್ಲ" ಎಂದು ನಗೆಯಾಡಿದೆ.

ಅದನ್ನೇ ವೇದಿಕೆಗೆ ಒಯ್ದು ಇಪ್ಪತ್ತಮೂರು ಸಲ ಮಾಡಿದೆ. ವಿಡಿಯೊ ಫೋನಿನಿಂದ ಫೋನಿಗೆ ಹರಿದಾಡಿತು. ಆ ಗುರುವಾರದ ನಂತರ ಅವರ ಕರೆ ಬಂದಿಲ್ಲ. ಹೋದ ವಾರ ಬಂದದ್ದು ಗಂಡಸಿನ ಭಾರದ ದನಿ. "ನಾ ಕಲ್ಲಪ್ಪ, ನಂದಗಡದಿಂದ. ಹೆಣ್ಣಮಕ್ಕಳ ಸಂಘದ ಕಾರ್ಯಕ್ರಮ ಐತಿ. ನಮ್ಮ ಮನ್ಯಾಕೀದು ಏನ ಮಾಡ್ತೀರಲ್ಲ, ಅದನ್ನ ಇಲ್ಲೇ ಬಂದ ಮಾಡ್ರಿ." ನಗಲಿಲ್ಲ, ಬೈಯಲೂ ಇಲ್ಲ. ಬರುವುದಿಲ್ಲ ಎನ್ನಲು ನನಗೆ ಧೈರ್ಯ ಸಾಲಲಿಲ್ಲ.

ಮೊದಲು ಖಾನಾಪುರದ ಬಸ್ಸು ಹತ್ತಿದೆ, ಇಪ್ಪತ್ತಾರು ಕಿಲೋಮೀಟರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರು ದುಡ್ಡು ಕೊಡಬೇಕಿಲ್ಲ, ಕಂಡಕ್ಟರು ಶೂನ್ಯದ ಚೀಟಿ ಹರಿದುಕೊಟ್ಟರು. ದೇಸೂರು ದಾಟುವಾಗ ಪಕ್ಕದ ಸೀಟಿನಲ್ಲಿದ್ದ ಹಿರಿಯ ಹೆಂಗಸಿನ ಫೋನಿನಿಂದ ನನ್ನದೇ ದನಿ ಕೇಳಿಸಿತು. ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ.

"ಭಾರಿ ನಗಸ್ತಾಳ ನೋಡ್ರಿ ಈಕಿ," ಎಂದರು. "ನಂದಗಡದಾಗ ನನ್ನ ತಂಗಿ ಮನಿ ಬಾಜೂಕ ಇರ್ತಾಳ ಆ ಶಾಂತಾ. ಈಗ ನಳಕ್ಕ ಸೈತ ಬರೂದಿಲ್ಲಂತ. ಕೊಡಾ ಇಡೂದ ತಡ, ಮುಂದಿಂದು ನೆನಪ ಆತೇನಬೇ ಅಂತ ಎಲ್ಲಾರೂ ಕಾಡ್ತಾರಂತ."

ನಾನು ಕಿಟಕಿಯತ್ತ ನೋಡಿದೆ.

"ಯಾಕ ಮಾತಾಡವಲ್ರಿ? ಎಲ್ಲಿಯವರು?"

"ಬೆಳಗಾಂವಿಯವ್ರ ರೀ."

"ದನಿ ಆಕೀದ ಹಂಗ ಐತಿ ನಿಮ್ದು."

"ಗಂಟಲಾ ಕೆಟ್ಟೈತ್ರಿ," ಎಂದು ಕೆಮ್ಮಿದೆ. ಖಾನಾಪುರದವರೆಗೂ ಕೆಮ್ಮುತ್ತಲೇ ಇರಬೇಕಾಯಿತು.

ಒಂಬತ್ತಕ್ಕೆ ಖಾನಾಪುರ. ನಿಲ್ದಾಣದ ಹೋಟೆಲಿನಲ್ಲಿ ಅವಲಕ್ಕಿ ತರಿಸಿ ಅರ್ಧ ಬಿಟ್ಟೆ. ಎದುರಿಗೆ ಬೆಳಗಾವಿಯ ಬಸ್ಸು ಎಂಜಿನ್ ಚಾಲೂ ಮಾಡಿ ನಿಂತಿತ್ತು. ಅದರ ಮೆಟ್ಟಿಲಿಗೆ ಒಂದು ಕಾಲು ಇಟ್ಟದ್ದೂ ನಿಜ. ಹಿಂದಿನವರು ಮರಾಠಿಯಲ್ಲಿ, ಹತ್ತುವುದಾದರೆ ಹತ್ತಿ ಎಂದರು. ಇಳಿದೆ. ನಳದ ಹತ್ತಿರದ ಆ ಮಾತು ತಲೆಯಿಂದ ಹೋಗಿರಲಿಲ್ಲ.

ಇನ್ನೊಂದು ಬಸ್ಸು ಹಿಡಿದು ನಂದಗಡದಲ್ಲಿ ಇಳಿದಾಗ ಕಲ್ಲಪ್ಪ ಕಾದಿದ್ದರು. ಎತ್ತರದ ಆಳು. "ಬಂದ್ರಲ್ಲ. ಬರೂದಿಲ್ಲ ಅಂತ ನಮ್ಮ ಮನ್ಯಾಕಿ ಅಂದಿದ್ಲು," ಎಂದು ಮುಂದೆ ನಡೆದರು. ಆರು ನಿಮಿಷ ನಡೆದೆವು. ಸಮುದಾಯ ಭವನದಲ್ಲಿ ಜಮಖಾನದ ಮೇಲೆ ಎಂಬತ್ತರಷ್ಟು ಹೆಂಗಸರು, ಗೋಡೆಗೆ ಒರಗಿ ಹತ್ತು ಗಂಡಸರು. ಮಳೆಯ ಎರಚಲು ಬರುತ್ತದೆಂದು ಯಾರೋ ಬಾಗಿಲು ಹಾಕಿದರು. ಮುಂದಿನ ಸಾಲಿನಲ್ಲಿ ನೀಲಿ ಸೀರೆಯ ಹೆಂಗಸೊಬ್ಬರು ನನ್ನನ್ನೇ ನೋಡುತ್ತಿದ್ದರು. ಅವರೇ ಶಾಂತಾ ವೈನಿ ಎಂದು ಯಾರೂ ಹೇಳಬೇಕಾಗಲಿಲ್ಲ.

ಹನ್ನೊಂದು ಹತ್ತಕ್ಕೆ ಶುರು ಮಾಡಿದೆ. ಏಳು ನಿಮಿಷ ಬೇರೆ ಬೇರೆ ಮಾತು, ನಾಲ್ಕೇ ನಗು. ಆಮೇಲೆ ಹಿಂದಿನಿಂದ ಒಬ್ಬರು, "ವೈನೀದು ಮಾಡ್ರಿ," ಎಂದರು. ಫೋನುಗಳು ಮೇಲೆದ್ದವು.

ನಾನು ಶಾಂತಾ ವೈನಿಯನ್ನು ನೋಡಿದೆ.

"ಮಾಡ್ರಿ," ಎಂದರು ಅವರು. "ಎಲ್ಲಾರೂ ಫೋನಿನ್ಯಾಗ ನೋಡ್ಯಾರ. ನಾ ಎದುರಿಗೇ ನೋಡ್ತೀನಂತ."

"ಹಲೋ, ಯಾರ ಮಾತಾಡೂದು?" ಎಂದು ಅವರ ದನಿಯಲ್ಲಿ ಆರಂಭಿಸಿದೆ. ಅಷ್ಟಕ್ಕೇ ನಿಲ್ಲಿಸಿದೆ. ಸತ್ಯ ಹೇಳಿದರೆ ಕೆಲಸ ಹೋಗಬಹುದು. ಹೇಳದಿದ್ದರೆ ಈ ಊರಿನ ನಗು ಇನ್ನೆಷ್ಟು ವರ್ಷವೋ.

"ವೈನಿ ಒಡಪು ಮರತಿರಲಿಲ್ರಿ," ಎಂದೆ. "ಪೂರ್ತಿ ಹೇಳಿದ್ರು. ಜಾಹೀರಾತು ಬಂತಂತ ನಾನ ದನಿ ಇಳಿಸಿದೆ. ಆಮ್ಯಾಲ ಅವ್ರಿಗೆ ನೆನಪಿಲ್ಲಂತ ಸುಳ್ಳ ಹೇಳಿದೆ."

ಶಾಂತಾ ವೈನಿಯ ಹಿಂದೆ ಕೂತಿದ್ದ ಅವರ ಅತ್ತೆ ಮುಂದಕ್ಕೆ ಬಾಗಿ ಕೇಳಿದರು: "ಗೊತ್ತಿದ್ದೂ ಹಂಗ ಹೇಳಿದಿ?"

"ಹೂನ್ರಿ ಅಜ್ಜಿ."

"ಅಂದ್ರ ಇಷ್ಟ ದಿನ ನನ್ನ ಸೊಸಿ ಹೆಸರ ಮ್ಯಾಲ ಉಂಡಿ."

ಶಾಂತಾ ವೈನಿ ಎದ್ದು ಬಂದು ನನ್ನ ಕೈಯಿಂದ ಮೈಕು ತೆಗೆದುಕೊಂಡರು. "ಸರಿ ಅತ್ತಾಗ, ತಂಗಿ," ಎಂದು ನನ್ನನ್ನು ಪಕ್ಕಕ್ಕೆ ಸರಿಸಿ ಗಂಟಲು ಸರಿಮಾಡಿಕೊಂಡರು.

"ಖಾನಾಪುರದ ಬಸ್ಸ ಹತ್ತಿ ಕಿಡಕಿ ಬಾಜೂಕ ಕುಂತೆ,
ಹಿಂದಿನ ಸೀಟಿನ ಗೊರಕಿ ಕೇಳಿ ಯಾರೋ ಅಂತ ಚಿಂತೆ,
ಹೊಳ್ಳಿ ನೋಡಿದ್ರ ಕಲ್ಲಪ್ಪ ಅವರು, ಎಬ್ಬಿಸಲಾರದ ನಿಂತೆ."

ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಕಲ್ಲಪ್ಪ ಗೋಡೆಯತ್ತ ತಿರುಗಿ ನಿಂತರು, ಭುಜ ಅಲುಗುತ್ತಿತ್ತು. "ಗೊರಕಿ ಖರೇನ ಏನಬೇ?" ಎಂದು ಯಾರೋ ಕೂಗಿದರು. "ನಮ್ಮ ಮನಿ ಹೆಂಚ ಕೇಳ ಬಾ," ಎಂದರು ವೈನಿ. ನಾಲ್ಕು ವರ್ಷದಲ್ಲಿ ನನಗೆ ಅಂಥ ನಗು ಒಮ್ಮೆಯೂ ಸಿಕ್ಕಿಲ್ಲ. ಗಡಿಯಾರ ನೋಡಿದೆ, ಹನ್ನೊಂದು ಇಪ್ಪತ್ತೆರಡು.

ಊಟಕ್ಕೆ ಅನ್ನ, ಸಾರು, ಬದನೆಕಾಯಿ ಪಲ್ಯ. ನನ್ನ ಪಕ್ಕ ಯಾರೂ ಕೂರಲಿಲ್ಲ. ಅಜ್ಜಿ ಮುಖ ನೋಡದೆಯೇ ಎರಡು ಸಲ ಅನ್ನ ಬಡಿಸಿದರು. ಅಷ್ಟರಲ್ಲಿ ಫೋನು ಸದ್ದು ಮಾಡಿತು. ಸಭೆಯ ವಿಡಿಯೊ ನನಗಿಂತ ಮೊದಲೇ ಬೆಳಗಾವಿ ಮುಟ್ಟಿತ್ತು. ರೇಡಿಯೊದ ಮ್ಯಾನೇಜರರ ಸಂದೇಶ ಒಂದೇ ಸಾಲು: "ಇದು ಖರೇನ?"

ಎರಡು ಗಂಟೆಯ ಬಸ್ಸಿಗೆ ಶಾಂತಾ ವೈನಿ, ಕಲ್ಲಪ್ಪ ಇಬ್ಬರೂ ಬಂದರು. ಕಿಟಕಿಯ ಹತ್ತಿರ ನಿಂತು ವೈನಿ ಕೇಳಿದರು: "ಗುರುವಾರ ಫೋನ್ ಹಚ್ಚಲೇನು?"

"ಹಚ್ಚರಿ ವೈನಿ."

"ಆ ಗುಂಡಿಗೆ ಕೈ ದೂರ ಇಟಗೊಂಡ ಕುಂದ್ರು ಮತ್ತ."

ಗುರುವಾರ ಆ ಕುರ್ಚಿಯಲ್ಲಿ ನಾನಿರುತ್ತೇನೋ ಇಲ್ಲವೋ ಎಂದು ಅವರಿಗೆ ಹೇಳಲಾಗಲಿಲ್ಲ. ಬಸ್ಸು ಹೊರಟಿತು. "ಖರೇ ಸರ್" ಎಂದು ಬರೆದು ಕಳಿಸಿದೆ. ಹಿಂದಿನ ಗಾಜಿನಿಂದ ನೋಡಿದಾಗ ವೈನಿ ಗಂಡನನ್ನು ಬಿಟ್ಟು ನಳದ ಕಡೆ ಹೊರಟಿದ್ದರು. ಅಲ್ಲಿ ನಾಲ್ಕೈದು ಹೆಂಗಸರು ಕೊಡ ಇಟ್ಟು ನಿಂತಿದ್ದರು.