ಹತ್ತರಿಂದ ಶುರುವಾಗದ ವಿಳಾಸ

ನಮ್ಮ ಮೇಡಂ ಅವರ ಕಂಪ್ಯೂಟರಿನ ಪರದೆಯ ಮೇಲೆ ಯಾವಾಗಲೂ ಮೂಗಿನ ಎಣ್ಣೆಯ ಗುರುತು ಇರುತ್ತಿತ್ತು. ಅಷ್ಟು ಹತ್ತಿರ ಹೋಗದೆ ಅವರಿಗೆ ಅಕ್ಷರ ಕಾಣುತ್ತಿರಲಿಲ್ಲ. ಕಣ್ಣಿನ ನರ ಒಣಗುತ್ತಿದೆ, ಮದ್ದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮಾಲೀಕರಿಗೆ ಗೊತ್ತಾದರೆ ಕೆಲಸ ಹೋಗುತ್ತದೆಂದು ನನ್ನೊಬ್ಬನಿಗೆ ಮಾತ್ರ ಹೇಳಿದ್ದರು.

ಅಜ್ಜಂಪುರದಿಂದ ರೈಲಿನಲ್ಲಿ ಕಡೂರಿಗೆ ಬರುತ್ತಿದ್ದರು. ನಮ್ಮದು ಹಾರ್ಡ್‌ವೇರ್ ಅಂಗಡಿಯ ಮಹಡಿ ಮೇಲಿನ ಸಣ್ಣ ಕಂಪನಿ; ಕೆಲವು ಖಾಸಗಿ ಆಸ್ಪತ್ರೆಗಳ ರೋಗಿಗಳ ದಾಖಲೆಯನ್ನು ಕ್ಲೌಡ್‌ನಲ್ಲಿ ನೋಡಿಕೊಳ್ಳುವ ಕೆಲಸ. ಡಿಗ್ರಿ ಹಿಡಿದು ಬಂದ ನನಗೆ ಅದರ ತಲೆಬುಡ ಗೊತ್ತಿರಲಿಲ್ಲ. ಒಂದೇ ಪ್ರೋಗ್ರಾಮನ್ನು ಬೇರೆಬೇರೆ ಡಬ್ಬಿಗಳಂಥ ನಾಲ್ಕಾರು ಕಂಟೇನರ್‌ಗಳಲ್ಲಿ ಓಡಿಸುವುದು, ಬಂದ ಕೆಲಸವನ್ನು ಅವಕ್ಕೆ ಹಂಚಲು ಲೋಡ್ ಬ್ಯಾಲೆನ್ಸರ್ ಕೂರಿಸುವುದು, ಎಲ್ಲವನ್ನೂ ಅವರೇ ಕಲಿಸಿದರು. ಆ ಬ್ಯಾಲೆನ್ಸರ್ ನಮ್ಮ ಒಳಗಿನ ಜಾಲಕ್ಕಷ್ಟೇ ಸಿಗಬೇಕು, ಹೊರಗಿನವರಿಗೆ ಕಾಣಕೂಡದು. "ಅಡುಗೆಮನೆ ಬಾಗಿಲು ಯಾರಾದ್ರೂ ಬೀದಿಗೆ ಇಡ್ತಾರೇನೋ?" ಎನ್ನುತ್ತಿದ್ದರು. ಕಡೆಕಡೆಗೆ, ಕಂಪ್ಯೂಟರಿಗೆ ಬರೆದ ಆದೇಶಗಳನ್ನು ನಾನು ಒಂದೊಂದೇ ಸಾಲು ಓದುವುದು, ಅವರು ಕಣ್ಣು ಮುಚ್ಚಿ ಕೇಳುವುದು. "ಸಾಲಿನ ಮುಂದೆ ಜಾಗ ಎಷ್ಟು ಬಿಟ್ಟಿದೀಯ, ಸರಿಯಾಗಿ ನೋಡ್ಲೇ, ಒಂದು ತಪ್ಪಿದ್ರೂ ಓಡಲ್ಲ" ಎಂದು ಗದರುವುದು ಬೇರೆ.

ತರೀಕೆರೆಯಲ್ಲಿ ಅಕ್ಕನ ಮಗುವಿನ ನಾಮಕರಣವೆಂದು ನಾನು ರಜೆ ಹಾಕಿದ್ದ ದಿನ, ಹೊಸ ಆಸ್ಪತ್ರೆಯೊಂದರ ಲೋಡ್ ಬ್ಯಾಲೆನ್ಸರನ್ನು ಅವರೊಬ್ಬರೇ ಕೂರಿಸಿದರು. ಮಾರನೆಯ ಬೆಳಿಗ್ಗೆ ಅದರ ವಿಳಾಸದ ಅಂಕಿಗಳನ್ನು ಓದಿ ಹೇಳಿದೆ.

"ಇನ್ನೊಂದ್ಸಲ ಓದೋ."

ಓದಿದೆ.

"ನಮ್ಮ ಒಳಗಿನ ವಿಳಾಸ ಹತ್ತರಿಂದ ಶುರುವಾಗ್ಬೇಕು ಕಣೋ. ಇದು ಹೊರಗಿನದು. ಊರಿಗೆಲ್ಲಾ ತೆರೆದಿಟ್ಬಿಟ್ಟಿದೀನಿ."

'ಇಂಟರ್ನಲ್' ಎಂದು ಹೇಳುವ ಒಂದು ಸಾಲು ಬಿಟ್ಟುಹೋಗಿತ್ತು. ತಕ್ಷಣ ಸೇರಿಸಿದೆ. "ಸರಿಹೋಯ್ತು ಮೇಡಂ. ಯಾರ್ಗೂ ಗೊತ್ತಾಗಲ್ಲ, ಸುಮ್ನಿದ್ಬಿಡಿ" ಎಂದು ಬೇಡಿಕೊಂಡೆ.

"ಒಂದಿಡೀ ದಿನ ಬೇರೆಯವ್ರ ಕಾಯಿಲೆ ಕಸಾಲೆ ಎಲ್ಲಾ ಬಯಲಲ್ಲಿತ್ತಲ್ಲೋ. ನನ್ನ ಕೆಲಸ ಉಳೀಲಿ ಅಂತ ಅದನ್ನ ಮುಚ್ಚಿಡಕ್ಕಾಗಲ್ಲ."

ಗೋಡೆ ಸವರಿಕೊಂಡು ಮಾಲೀಕರ ಕೋಣೆಗೆ ಹೋದರು. ತಪ್ಪನ್ನೂ ಹೇಳಿದರು, ಕಣ್ಣಿನ ವಿಷಯವನ್ನೂ ಹೇಳಿದರು. ಆಗಲೇ ಕೆಲಸ ಹೋಯಿತು; ಮಧ್ಯಾಹ್ನದ ರೈಲಿಗೆ ಅವರನ್ನು ನಾನೇ ಹತ್ತಿಸಿ ಬಂದೆ. ಆಮೇಲೆ ಮಾಲೀಕರು ಅವರ ಕುರ್ಚಿಯಲ್ಲಿ ನನ್ನನ್ನು ಕೂರಿಸಿದರು. ನಾನು ಇವತ್ತು ಉಣ್ಣುವ ಅನ್ನ ಅವರ ವಿದ್ಯೆಯದು.

ಈಚೆಗೆ ಅಜ್ಜಂಪುರಕ್ಕೆ ಹೋಗಿದ್ದೆ. ಈಗ ಅವರಿಗೆ ಹಗಲು ರಾತ್ರಿಯ ವ್ಯತ್ಯಾಸವೂ ತಿಳಿಯುವುದಿಲ್ಲ. ಬೇರೆಲ್ಲೂ ಕೆಲಸ ಸಿಕ್ಕಿಲ್ಲ. ನನ್ನ ದನಿ ಕೇಳಿದ್ದೇ ತಡ, "ಆವತ್ತು ಯಾರಾದ್ರೂ ಒಳಗೆ ಬಂದಿದ್ರೇನೋ?" ಎಂದರು.

ಲಾಗ್‌ಗಳನ್ನೆಲ್ಲ, ಯಾರು ಬಂದುಹೋದರೆಂದು ಬರೆದಿಡುವ ದಾಖಲೆಗಳನ್ನೆಲ್ಲ, ಜಾಲಾಡಿ ನೋಡಿದ್ದೆವು. ಸಮಾಧಾನವಾಗಲೆಂದು ಇದ್ದದ್ದನ್ನೇ ಹೇಳಿದೆ: "ಒಂದು ನರಪಿಳ್ಳೆಯೂ ಬಂದಿಲ್ಲ ಮೇಡಂ."



"ಹಂಗಾದ್ರೆ ಹೇಳ್ದೇ ಇದ್ದಿದ್ರೂ ನಡೀತಿತ್ತು" ಅಂದರು.